ಇದನ್ನ ಇಲ್ಲಿ ಯಾರಿಟ್ಟಾರ?

ಗ್ಲಾಕೋಮದ ಆಪರೇಷನ್ ಆಗಿ ಎಂಟು ವರ್ಷ ಕಳೆದರೂ ನನ್ನ ಕಣ್ಣಿನ ಫಜೀತಿ ಮುಗಿದಿಲ್ಲ, ಜನರಿಗೆ ನಗುವುದೂ ಸಾಕಾಗಿಲ್ಲ.

ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವನು. ರೋಗ ಗೊತ್ತಾಗುವ ಮುಂಚೆ ಎರಡು ವರ್ಷ ಸ್ಟೂಲು, ಕೊಡ, ಬಾಗಿಲು ಎಲ್ಲಕ್ಕೂ ಡಿಕ್ಕಿ ಹೊಡೆಯುತ್ತಿದ್ದೆ. ಪ್ರತಿ ಸಲವೂ "ಇದನ್ನ ಇಲ್ಲಿ ಯಾರಿಟ್ಟಾರ?" ಎಂದು ಹೆಂಡತಿಯ ಮೇಲೆ ಹರಿಹಾಯುತ್ತಿದ್ದೆ. ಬಾಗಿಲಿಗೆ ಡಿಕ್ಕಿ ಹೊಡೆದೂ ಹಾಗೇ ಕೇಳಿದ ದಿನ ಅವಳು, "ನಿಮ್ಮಪ್ಪ ಇಟ್ಟಾನ್ರಿ, ಮನಿ ಕಟ್ಟಿಸುವಾಗ" ಎಂದಳು.

ಬೀಗರ ಕಣ್ಣು

ನನಗೆ ಆಪರೇಷನ್ ಆದ ವಾರವೇ ಸಿರುಗುಪ್ಪದ ಬೀಗರಿಗೂ ಆಯಿತು. ಅವರದು ಪೊರೆ. ಪಟ್ಟಿ ಬಿಚ್ಚಿದ್ದೇ ತಡ, "ಗ್ವಾಡಿ ಮ್ಯಾಲಿನ ಹಲ್ಲಿ ಕಾಣಾಕತ್ತೈತಿ!" ಎಂದು ಕುಣಿದರು. ನನ್ನ ಪಟ್ಟಿ ಬಿಚ್ಚಿದಾಗಲೂ ಎಲ್ಲರೂ ಸುತ್ತ ನೆರೆದರು.

"ಏನು ಕಾಣ್ತೈತ್ರಿ?"

"ಹ್ವಾದ ವಾರ ಕಂಡಷ್ಟ."

ಹೋದ ನೋಟ ಬರುವುದಿಲ್ಲ, ಉಳಿದದ್ದನ್ನು ಕಾಯುವುದಕ್ಕಷ್ಟೇ ಈ ಆಪರೇಷನ್ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಬೀಗರಿಗೂ ಅದನ್ನೇ ಹೇಳಿದೆ. ಅವರು ನನ್ನ ಕೈ ಹಿಡಿದು ಮರುಗಿದರು: "ಪಾಪ, ಏನೂ ಆಗದಿರಾಕ ಆಪರೇಷನ್ ಮಾಡಿಸಿಕೊಂಡ್ರಲ್ರಿ!"

ಸೂಜಿ

ನನಗೆ ಎದುರಿನದು ಚೆನ್ನಾಗಿ ಕಾಣುತ್ತದೆ, ಅಕ್ಕಪಕ್ಕದ್ದು ಇಲ್ಲ. ಕುರುಗೋಡಿನ ಒಂದು ಮದುವೆಯಲ್ಲಿ ಪಕ್ಕದಲ್ಲೇ ಉಣ್ಣುತ್ತಿದ್ದ ಷಡ್ಡಕನನ್ನು ಮಾತಾಡಿಸಲಿಲ್ಲ. ಸೊಕ್ಕು ಎಂದಾಯಿತು. ಪಾಪ, ಅವರಿಗೆ ಕಣ್ಣು ಕಾಣುವುದಿಲ್ಲ ಎಂದು ಹೆಂಡತಿ ತಿಳಿಹೇಳುತ್ತಿರುವಾಗಲೇ, ಮದುಮಗನ ಅಂಗಿಯ ಗುಂಡಿ ಕಿತ್ತುಹೋಗಿದೆಯೆಂದು ನನ್ನನ್ನು ಕರೆದರು. ಷಡ್ಡಕನ ಎದುರೇ, ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿದೆ.

"ಸೂಜಿ ತೂತು ಕಾಣ್ತೈತಿ, ಷಡ್ಡಕ ಕಾಣಂಗಿಲ್ಲ!" ಎಂದು ಅವನು ಎದ್ದುಹೋದ. ಇವತ್ತಿಗೂ ಮಾತಿಲ್ಲ.

ಗುಂಡಿ ಒತ್ತುವ ಪರೀಕ್ಷೆ

ಆರು ತಿಂಗಳಿಗೊಮ್ಮೆ ನೋಟ ಎಷ್ಟು ಉಳಿದಿದೆ ಎಂದು ನೋಡುತ್ತಾರೆ. ಮೆಷಿನ್ನಿಗೆ ಗದ್ದ ಆನಿಸಿ ಕೂತು, ಚುಕ್ಕಿ ಬೆಳಕು ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಈಚೆಗೊಂದು ಸಲ ಬಹಳ ಹೊತ್ತು ಒಂದೂ ಚುಕ್ಕಿ ಕಾಣಲಿಲ್ಲ. ಇದ್ದದ್ದೂ ಹೋಯಿತೆಂದುಕೊಂಡೆ. ಕಂಡಂತಾದರೂ ತೋರಲಿ ಎಂದು ಸುಮ್ಮನೆ ಟಕಟಕ ಒತ್ತತೊಡಗಿದೆ.

ಪರೀಕ್ಷೆ ಮಾಡುವ ಹೆಣ್ಣುಮಗಳು ಭುಜ ತಟ್ಟಿದಳು. "ಯಜಮಾನ್ರ, ಮೆಷಿನ್ನು ಇನ್ನೂ ಚಾಲೂ ಮಾಡಿಲ್ರಿ."

ಚಾಲೂ ಮಾಡಿದ ಮೇಲೆ ನೋಡಿದರೆ ಎಂಟು ವರ್ಷದ ಹಿಂದೆ ಇದ್ದಷ್ಟೇ ಇತ್ತು. ದಿನಾ ತಪ್ಪದೆ ಹನಿ ಔಷಧಿ ಹಾಕಿ ಕಾಯ್ದುಕೊಂಡ ನೋಟ. ಇದಕ್ಕೆ ಯಾರೂ ಕುಣಿಯಲಿಲ್ಲ.

ತಮ್ಮ

ಈ ರೋಗ ನಮಗೆ ಅಪ್ಪನಿಂದ ಬಂದ ಆಸ್ತಿ. ಅಪ್ಪ ಕೊನೆಗೆ ಪೂರ್ತಿ ಕುರುಡನಾಗಿ ಸತ್ತ. ತಮ್ಮನನ್ನೂ ಒಮ್ಮೆ ಕರೆತನ್ನಿ ಎಂದು ಡಾಕ್ಟರು ಎಂಟು ವರ್ಷದಿಂದ ಹೇಳುತ್ತಿದ್ದಾರೆ. ತಮ್ಮ ಹತ್ತಿರದ ಮೋಕದಲ್ಲಿ ಆಟೋ ಓಡಿಸುತ್ತಾನೆ. ಆಟೋದ ಎಡಮಗ್ಗುಲೆಲ್ಲ ತರಚಿಹೋಗಿದೆ. ಕೇಳಿದರೆ, ಊರವರಿಗೆ ಗಾಡಿ ನಿಲ್ಲಿಸಲು ಬರುವುದಿಲ್ಲ ಎನ್ನುತ್ತಾನೆ.

"ಒಮ್ಮಿ ತೋರಿಸಲೇ" ಎಂದು ಬೇಡಿಕೊಂಡೆ, ಬೈದೆ, ಅತ್ತೂ ನೋಡಿದೆ.

"ನೀ ತೋರಿಸಿ ಏನು ಕಂಡಿ, ಅಣ್ಣ? ನನಗ ಬಸ್ಸಿನ ಬೋರ್ಡು ಇಲ್ಲಿಂದನ ಕಾಣ್ತೈತಿ."

ಹೋದ ತಿಂಗಳು ಹೆಂಡತಿಗೆ ಜ್ವರ ಬಂದದ್ದರಿಂದ ನನ್ನನ್ನು ಆಸ್ಪತ್ರೆಗೆ ಅವನೇ ಕರೆದೊಯ್ದ. ಕೈ ಹಿಡಿದು, ನಾಕು ಮಂದಿಗೆ ಕೇಳುವ ಹಾಗೆ, "ಹುಷಾರು ಅಣ್ಣ, ಮೆಟ್ಟಲೈತಿ... ಈ ಕಡಿ ಬಾ... ನಾನಿದೀನಿ" ಎನ್ನುತ್ತ ನಡೆದ. ಬಾಗಿಲ ಎಡಕ್ಕೆ ಸೊಂಟದೆತ್ತರದ ಕಸದ ಡಬ್ಬಿ ಇತ್ತು. ನಾನಿದೀನಿ ಎಂದವನು ನೇರ ಅದಕ್ಕೇ ಹೊಡೆದು, ಡಬ್ಬಿಯನ್ನು ತಬ್ಬಿಕೊಂಡೇ ಉರುಳಿದ.

ಎದ್ದವನೇ ಮತ್ತೆ ನನ್ನ ಕೈ ಹಿಡಿದುಕೊಂಡು ಅಲ್ಲಿದ್ದ ಅಟೆಂಡರ್ ಮೇಲೆ ಕೂಗಾಡಿದ: "ಇದನ್ನ ಇಲ್ಲಿ ಯಾರಿಟ್ಟಾರಲೇ?"

ನನಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಅವನ ಕೈಯಿಂದ ನನ್ನ ಕೈ ಬಿಡಿಸಿಕೊಂಡು, ಅವನ ಕೊರಳಪಟ್ಟಿ ಹಿಡಿದೆ.

"ನಮ್ಮಪ್ಪ ಇಟ್ಟಾನ. ನಡಿ ಒಳಗ."