ಕುತ್ಲುಗ್ ಮಿರ್ಜಾನ ಬಿಳಿ ಕಂಬಳಿ

ಅತ್ತೆ ಕಳಿಸಿದ ಉಡುಗೊರೆಯಿಂದ ತನ್ನ ತಲೆಗೇ ಸಂಚಕಾರ ಬಂದೀತೆಂದು ಕುತ್ಲುಗ್ ಮಿರ್ಜಾ ಕನಸಿನಲ್ಲೂ ಎಣಿಸಿರಲಿಲ್ಲ. ಹುಲ್ಲುಗಾವಲಿನ ಕಡೆಯಿಂದ ಬಂದ ದಪ್ಪನೆಯ ಬಿಳಿ ಕಂಬಳಿ ಅದು. ಕುರಿಯ ವಾಸನೆ ಹೋಗಲೆಂದು ಹೆಂಡತಿ ಆಯ್‌ಬೇಗಿಮ್ ಅದನ್ನು ಬೆಳಿಗ್ಗೆಯೇ ಅಂಗಳದ ಗೋಡೆಯ ಮೇಲೆ ಹರವಿ, ರೊಟ್ಟಿಗೆ ಹಿಟ್ಟು ನಾದಲು ಒಳಗೆ ಹೋದಳು.

ಬೇರೆಯವರ ಗೋಡೆಯಾಗಿದ್ದರೆ ನಮ್ಮ ಕರ್ಷಿ ಪಟ್ಟಣದಲ್ಲಿ ಯಾರೂ ತಿರುಗಿ ನೋಡುತ್ತಿರಲಿಲ್ಲ. ಆದರೆ ಮಿರ್ಜಾ ರಾಜವಂಶದವ. ಯಾರ ಮಗನ ಯಾವ ಮೊಮ್ಮಗ ಎಂದು ಕೇಳಿದರೆ ಅವನೇ ತಡವರಿಸುತ್ತಿದ್ದ. ಅರಮನೆಯವರು ಅವನನ್ನು ಮರೆತು ಯಾವ ಕಾಲವಾಗಿತ್ತೋ. ಅದೇ ಅವನ ಪುಣ್ಯ. ನಮ್ಮಲ್ಲಿ ಖಾನನಾಗುವುದೆಂದರೆ ಬಿಳಿ ಕಂಬಳಿಯ ಮೇಲೆ ಕೂತು ನಾಲ್ವರಿಂದ ಎತ್ತಿಸಿಕೊಳ್ಳುವುದು. ಯಾರನ್ನು ಎತ್ತಬೇಕೆಂದು ಹೇಳುವವರು ಸಮರ್ಖಂಡದ ಅಮೀರರು, ಆಮೇಲೆ ಆಳುವವರೂ ಅವರೇ. ಸಾಕೆನಿಸಿದ ದಿನ ಕಾದ ಸೂಜಿಯಿಂದ ಖಾನನ ಕಣ್ಣು ತೆಗೆಸಿ ಇನ್ನೊಬ್ಬನನ್ನು ಹುಡುಕುತ್ತಾರೆ. ಅವರ ಅಪ್ಪಣೆಯಿಲ್ಲದೆ ಕಂಬಳಿ ಏರಿದವನಿಗೆ ಸೂಜಿಯೂ ಇಲ್ಲ, ನೇರ ಕತ್ತಿಯೇ. ಹಳೆಯ ಖಾನ ತೀರಿಕೊಂಡ ಸುದ್ದಿ ಬೇರೆ ಆ ವಾರವಷ್ಟೇ ಊರಿಗೆ ಬಂದಿತ್ತು. ಕುತ್ಲುಗನಿಗೆ ಬೇಕಾದದ್ದು ಕರಬೂಜದ ಹೊಲ, ಮಧ್ಯಾಹ್ನದ ನಿದ್ದೆ, ಜೊತೆಗೆ ಎರಡು ಕಣ್ಣು.

ಮಿರ್ಜಾ ಹೊಲದಿಂದ ಮರಳುವಾಗ ಪಕ್ಕದ ಮನೆಯ ರೊಟ್ಟಿಯಂಗಡಿ ಎರ್ಗಶ್ ಬಾಗಿಲಲ್ಲೇ ಕಾದಿದ್ದ.

"ಏನ್ ಮಿರ್ಜಾ ಅವ್ರೇ, ನಮ್ಗೊಂದ್ ಮಾತು ಹೇಳ್ಬಾರ್ದಾಗಿತ್ತಾ? ಪಕ್ಕದ್ಮನೆಯವ್ರು ಖಾನ್ ಆಗ್ತಿರೋದು ಗೋಡೆ ನೋಡಿ ಗೊತ್ತಾಗ್ಬೇಕಾ?"

ಅದು ಅತ್ತೆ ಕೊಟ್ಟ ಹಾಸಿಗೆ ಕಂಬಳಿ ಎಂದು ಮಿರ್ಜಾ ಆಣೆಯಿಟ್ಟು ಹೇಳಿದ. ರಾಜಕಾರಣವೆಂದರೆ ಹೀಗೇ ಇರಬೇಕು ಎಂದು ಎರ್ಗಶ್ ಕಣ್ಣು ಮಿಟುಕಿಸಿದ. ಅಷ್ಟರಲ್ಲಿ ಕ್ಷೌರಿಕ ತುರ್ಸುನ್ ಓಡಿಬಂದ. ಸುದ್ದಿಯನ್ನು ಪೇಟೆಗೆಲ್ಲ ಹಂಚಿಯೇ ಬಂದಿದ್ದ ಮಹಾನುಭಾವ. ಅವನಿಗೆ ಖಾನರ ಗಡ್ಡದ ಮೇಲೆ ಹಕ್ಕು ಬೇಕಿತ್ತು, ಎರ್ಗಶ್‌ಗೆ ಇಡೀ ಸೈನ್ಯಕ್ಕೆ ರೊಟ್ಟಿ ಸುಡುವ ಹಕ್ಕು. ಇಬ್ಬರನ್ನೂ ದಬ್ಬಿ ಮಿರ್ಜಾ ಬಾಗಿಲು ಹಾಕಿಕೊಂಡ.

ಕಂಬಳಿಯನ್ನು ಎಳೆದು ಕೆಳಗೆ ಹಾಕಿ, ಅಕ್ರೋಟು ಸಿಪ್ಪೆಯ ಕಷಾಯದಲ್ಲಿ ಅದ್ದಿ ಕಪ್ಪು ಮಾಡೋಣವೆಂದ. ಆಯ್‌ಬೇಗಿಮ್ ಸೊಂಟಕ್ಕೆ ಕೈಯಿಟ್ಟು ನಿಂತಳು.

"ನಮ್ಮಮ್ಮ ಕೊಟ್ಟಿದ್ದದು. ಬಣ್ಣ ಹಾಕ್ನೋಡಿ, ಇವತ್ತೇ ತೌರಿಗೆ ಹೊರಡ್ತೀನಿ."

ಅಷ್ಟರಲ್ಲಿ ಮತ್ತೆ ಬಾಗಿಲು ದಬದಬ ಸದ್ದು ಮಾಡಿತು. ಬಚ್ಚಿಡಲು ಬೇರೆ ಜಾಗ ತೋಚದೆ ಮಿರ್ಜಾ ಕಂಬಳಿಯ ಮೇಲೇ ಕೂತು, ನಿಲುವಂಗಿಯನ್ನು ಅಗಲವಾಗಿ ಹರವಿ ಮುಚ್ಚಲು ನೋಡಿದ. ಕೆಟ್ಟದ್ದು ಅಲ್ಲೇ. ಎರ್ಗಶ್, ಅವನ ಇಬ್ಬರು ತಮ್ಮಂದಿರು, ತುರ್ಸುನ್, ನಾಲ್ವರೂ ಒಳನುಗ್ಗಿದವರು ಮಿರ್ಜಾ ಕೂತೇಬಿಟ್ಟದ್ದನ್ನು ಕಂಡು ಒಂದೊಂದು ಮೂಲೆ ಹಿಡಿದರು. ಇಳಿಸ್ರೋ ಎಂದು ಅವನು ಅರಚಿದಷ್ಟೂ ಅವರು ಮೇಲೆತ್ತಿದರು. ದೊಡ್ಡ ಖಾನರೆಲ್ಲ ಮೊದಲು ಬೇಡ ಬೇಡ ಎನ್ನುತ್ತಾರೆಂದು ತುರ್ಸುನ್ ಉಳಿದವರಿಗೆ ತಿಳಿಹೇಳಿದ.

ಗೋಡೆಯಾಚೆ ಕುದುರೆಗಳು ನಿಂತ ಸದ್ದಾಯಿತು. ಅಮೀರರ ಸರದಾರ ಬುಗ್ರಾ ಬೆಕ್ ಒಳಗೆ ಕಾಲಿಟ್ಟ. ನಾಲ್ವರೂ ಒಟ್ಟಿಗೆ ಕೈಬಿಟ್ಟರು, ಮಿರ್ಜಾ ಕುಂಬಳಕಾಯಿಯಂತೆ ನೆಲಕ್ಕೆ ಬಿದ್ದ.

"ಏನ್ ನಡೀತಿದೆ ಇಲ್ಲಿ?"

"ಕಂಬಳಿ ಕೊಡವ್ತಿದ್ವಿ, ಹುಜೂರ್," ಎಂದ ಎರ್ಗಶ್.

"ಮೇಲೆ ಮಿರ್ಜಾ ಇದ್ರಲ್ಲಯ್ಯ."

"ಅವ್ರನ್ನೂ ಜೊತೇಲೇ ಕೊಡವಿದ್ವಿ."

ಬುಗ್ರಾ ಬೆಕ್ ನಗಲಿಲ್ಲ. ಬಗ್ಗಿ ಕಂಬಳಿಯನ್ನು ಹೆಬ್ಬೆರಳಲ್ಲಿ ಉಜ್ಜಿ ನೋಡಿದ. ಕೈಗೆಲ್ಲ ಹಿಟ್ಟು ಮೆತ್ತಿಕೊಂಡಿದ್ದ ಹೆಂಡತಿಯನ್ನು ಮಿರ್ಜಾ ಕೊನೆಯ ಸಲವೆಂದು ಕಣ್ತುಂಬ ನೋಡಿದ. ಅವನಿಗೆ ಅಳು ಉಕ್ಕಿಬಂತು.

"ಒಳ್ಳೇ ಉಣ್ಣೆ," ಎಂದ ಬುಗ್ರಾ ಬೆಕ್. "ನಾವ್ ಬಂದಿದ್ದೇ ಇದಕ್ಕೆ."

ಹೊಸ ಖಾನನ ಆಯ್ಕೆ ಆಗಲೇ ಆಗಿತ್ತಂತೆ. ಎತ್ತಲು ಹೊರಟರೆ ಅರಮನೆಯ ಕಂಬಳಿಯನ್ನು ನುಸಿ ತಿಂದಿತ್ತಂತೆ. ಒಳ್ಳೆಯದೊಂದನ್ನು ಹುಡುಕುತ್ತ ಪೇಟೆಗೆ ಬಂದರೆ, ಎಲ್ಲರೂ ಈ ಮನೆಯನ್ನೇ ತೋರಿಸಿದರಂತೆ.

ಮಿರ್ಜಾನಿಗೆ ಹೋದ ಜೀವ ಬಂದಂತಾಯಿತು. ನಕ್ಕ, ಅತ್ತ, ಸರದಾರನ ಕೈಗೆ ಮುತ್ತಿಟ್ಟ. ಕಂಬಳಿಯನ್ನು ತಾನೇ ಸುತ್ತಿಕೊಟ್ಟು, ಮೇಲೆ ಒಂದು ಚೀಲ ಕರಬೂಜವನ್ನೂ ಹೊರಿಸಿದ. ಆಯ್‌ಬೇಗಿಮ್ ಕೂಡ ಅಮ್ಮನ ಮಾತೆತ್ತಲಿಲ್ಲ. ನಾಲ್ವರು ರಾಜಭಕ್ತರು ಗೋಡೆ ಹಾರಿ ಯಾವಾಗಲೋ ಮಾಯವಾಗಿದ್ದರು.

ಕುದುರೆ ಏರಿದ ಸರದಾರನನ್ನು, ಹೊಸ ಖಾನ ಯಾರೆಂದು ಮಿರ್ಜಾ ಸುಮ್ಮನೆ ಮರ್ಯಾದೆಗೆ ಕೇಳಿದ.

"ನಿಮ್ಮ ಅಜ್ಜನ ತಮ್ಮ, ಅರ್ಸ್ಲಾನ್ ಮಿರ್ಜಾ."

"ಅವರಿನ್ನೂ ಇದ್ದಾರಾ?"

"ಹೆಚ್ಚುಕಡಿಮೆ ಇದ್ದಾರೆ. ಎಂಬತ್ತು ದಾಟಿದೆ, ನಿನ್ನೆಯಿಂದ ಗಂಜಿನೂ ಇಳೀತಿಲ್ಲ. ಇನ್ಯಾರೂ ಉಳಿದಿಲ್ಲ ಅಂತ ಅವರನ್ನೇ ಒಪ್ಪಿಸಿದ್ವಿ." ಬುಗ್ರಾ ಬೆಕ್ ಮೊದಲ ಬಾರಿಗೆ ನಕ್ಕ. "ನೀವಿದ್ದೀರಿ ಅನ್ನೋದೇ ಮರ್ತುಹೋಗಿತ್ತು ನೋಡಿ. ಕೆಲ್ಸ ಆದ್ಮೇಲೆ ಕಂಬಳಿ ಇಲ್ಲಿಗೇ ತಂದಿಡ್ತೀವಿ. ಹ್ಯಾಗೂ ಮುಂದಿನ ಸರದಿ ನಿಮ್ದೇ."

ಮಿರ್ಜಾ ಒಳಗೋಡಿ, ಮನೆಯಲ್ಲಿದ್ದ ಜೇನಿನ ಜಾಡಿಯನ್ನು ಎತ್ತಿಕೊಂಡು ಕುದುರೆಯ ಹಿಂದೆ ಬೀದಿಯುದ್ದಕ್ಕೂ ಓಡಿದ.

"ಹುಜೂರ್, ಇದನ್ನ ಬಿಸಿ ಹಾಲಲ್ಲಿ ಕಲಸಿ ದಿನಾ ಕುಡಿಸಿ ಅಜ್ಜನಿಗೆ," ಎಂದು ಏದುಸಿರಿನಲ್ಲೇ ಕೈಮುಗಿದ. "ಕಂಬಳಿ ಎತ್ತೋವಾಗ ಸ್ವಲ್ಪ ಮೆತ್ತಗೆ ಎತ್ತಿ."