ಟ್ರಾಂಬೋನ್ ಎತ್ತುವ ಕೈ

"ಕೈ ಸಡಿಲ ಬಿಡಿ ಭಾವ. ಪೂರ್ತಿ ಬಿಡಿ," ಅಂದ ಬೋರಲಿಂಗ.

ಗವಿರಂಗಯ್ಯನಿಗೆ ಧೈರ್ಯ ಬರಲಿಲ್ಲ. ಬ್ಯಾಂಡಿನಲ್ಲಿ ಅವನು ಊದುವ ಹಿತ್ತಾಳೆಯ ಟ್ರಾಂಬೋನ್ ಅಂದರೆ ಅವನಿಗೆ ಪ್ರಾಣ, ಬಾಮೈದನ ಯಂತ್ರ ಅಂದರೆ ಪ್ರಾಣಸಂಕಟ. ಚನ್ನಪಟ್ಟಣದಲ್ಲಿ ಬೊಂಬೆ ಮಾಡಿಕೊಂಡು ತೆಪ್ಪಗಿರುವುದು ಬಿಟ್ಟು ಬೋರಲಿಂಗ ಕಂಡಕಂಡವರಿಗೆಲ್ಲ ಯಂತ್ರ ಮಾಡಿಕೊಡುತ್ತಿದ್ದ. ಅವನ ತಾನಾಗಿ ತೂಗುವ ತೊಟ್ಟಿಲನ್ನು ನಿಲ್ಲಿಸಲು ಬೀದಿಯ ಗಂಡಸರೆಲ್ಲ ಸೇರಬೇಕಾಗಿ ಬಂದದ್ದು ಈಚಿನ ಮಾತು.

ಆದರೂ ಕಣ್ಣು ಮುಚ್ಚಿ ಎಡಗೈ ಸಡಿಲ ಬಿಟ್ಟ. ಟ್ರಾಂಬೋನ್ ಬೀಳಲಿಲ್ಲ. ಹೆಗಲಿನಿಂದ ಅಂಗೈವರೆಗೆ ಕಟ್ಟಿದ್ದ ಮರದ ಆಸರೆ ಅಷ್ಟು ಭಾರವನ್ನೂ ಹೂವಿನ ಹಾಗೆ ಹಿಡಿದು ನಿಂತಿತ್ತು. ಹಾಲೆಮರದ ಪಟ್ಟಿಗಳು, ಒಳಗೆ ಸ್ಪ್ರಿಂಗು, ಮೋಟರು, ಮೇಲೆ ಬೊಂಬೆಗೆ ಹಾಕುವ ಅರಗಿನ ಕೆಂಪು ಹಳದಿ ಬಣ್ಣ. ಬ್ಯಾಂಡಿನ ಕೋಟು ಹಾಕಿಕೊಂಡರೆ ಎಲ್ಲ ತೋಳಿನೊಳಗೆ ಮಾಯ.

"ಇದಕ್ಕೆ ಕಣ್ಣೂ ಇಟ್ಟಿದ್ದೀನಿ," ಎಂದು ಬೋರಲಿಂಗ ಭಾವನಿಗೆ ಕೋಟು ತೊಡಿಸಿ ಅದರ ಗುಂಡಿಯೊಂದನ್ನು ತಟ್ಟಿ ತೋರಿಸಿದ. ತಾಳಿ ಕಟ್ಟುವ ಹೊತ್ತಿಗೆ ಪುರೋಹಿತರು ಕೈಯೆತ್ತಿ ಗಟ್ಟಿಮೇಳಕ್ಕೆ ಸನ್ನೆ ಮಾಡುತ್ತಾರಲ್ಲ, ಆ ಕೈ ಕಂಡ ತಕ್ಷಣ ಆಸರೆಯೇ ಟ್ರಾಂಬೋನನ್ನು ಮೇಲಕ್ಕೆತ್ತುತ್ತದಂತೆ. ಭಾವ ಸುಮ್ಮನೆ ಊದಿದರೆ ಸಾಕಂತೆ.

ಅಷ್ಟರಲ್ಲಿ ಗವಿರಂಗಯ್ಯನ ಹೆಂಡತಿ ಸಾವಂತ್ರಮ್ಮ ಅಟ್ಟದ ಮೇಲಿನ ಹುಣಸೆಹಣ್ಣಿನ ಡಬ್ಬಕ್ಕೆ ಕೈಯೆತ್ತಿದಳು. ಟ್ರಾಂಬೋನ್ ಧಿಗ್ಗನೆ ಎದ್ದು ಡಬ್ಬಕ್ಕೆ ಹೊಡೆಯಿತು. ವರ್ಷದ ಹುಣಸೆಹಣ್ಣು ಮೂವರ ತಲೆಯ ಮೇಲೂ ಬಿತ್ತು.

"ಆ ಚರ್ಮದ ಪಟ್ಟಿ ಚೆನ್ನಾಗಿತ್ತಲ್ಲ," ಅಂದಳು ಸಾವಂತ್ರಮ್ಮ ಕೂದಲಿನಿಂದ ಬೀಜ ಆರಿಸಿಕೊಳ್ಳುತ್ತ. "ಅದನ್ನೇ ಕಟ್ಕೊಂಡು ಊದೋಕೆ ಏನು ದಾಡಿ?"

ದಾಡಿ ಏನೆಂದು ಗವಿರಂಗಯ್ಯ ಬಾಯಿ ಬಿಟ್ಟು ಹೇಳುವ ಹಾಗಿರಲಿಲ್ಲ. ಹೋದ ಯುಗಾದಿಯಿಂದ ಅವನ ಎಡಗೈ ನಡುಗುತ್ತಿತ್ತು. ಕೊರಳಿಗೆ ಹಾಕುವ ಪಟ್ಟಿ ನೋಡಿದ, ಸೊಂಟಕ್ಕೆ ಊರುವ ಕೋಲು ನೋಡಿದ, ಅಂಗೈಗೆ ಬಿಗಿಯುವ ಚರ್ಮದ ಪಟ್ಟಿ ನೋಡಿದ. ಚರ್ಮದ ಪಟ್ಟಿಯಷ್ಟು ಹಿತವಾದದ್ದು ಇನ್ನೊಂದಿರಲಿಲ್ಲ. ಆದರೆ ಅದು ಕಾಣುತ್ತಿತ್ತು! ಬ್ಯಾಂಡಿನಲ್ಲಿ ಮುಂದಿನ ಸಾಲಿನಲ್ಲಿ ನಡೆಯುವವನು ಅವನು. ಕ್ಲಾರಿನೆಟ್ಟಿನ ಕೆಂಪಯ್ಯನ ಕಣ್ಣಿಗೆ ಅದು ಬಿದ್ದರೆ ಊರೆಲ್ಲ ಡಂಗುರ. ಮುದುಕನಾದ, ಕೈಲಾಗದವನಾದ ಅನ್ನಿಸಿಕೊಳ್ಳುವುದು ಬೇಡವಾಗಿತ್ತು. ಹಿತವಾದದ್ದನ್ನು ಬಿಟ್ಟು ಕಾಣದ್ದನ್ನು ಆರಿಸಿಕೊಂಡ, ಅಷ್ಟೇ.

ಮದುವೆಯ ತಿಂಗಳುಗಳು ಬಂದವು. ಛತ್ರಗಳಲ್ಲಿ ವಾಲಗದವರ ಜೊತೆ ಇವರ ಬ್ಯಾಂಡೂ ಗಟ್ಟಿಮೇಳಕ್ಕೆ ದನಿಗೂಡಿಸುವುದು ವಾಡಿಕೆ. ಜನಜಂಗುಳಿಯಲ್ಲಿ ಹಿಂದಿನವರಿಗೆ ಪುರೋಹಿತರ ಕೈ ಎಲ್ಲಿ ಕಾಣಬೇಕು? ಅದಕ್ಕೇ ಅವರೆಲ್ಲರ ಕಣ್ಣು ಗವಿರಂಗಯ್ಯನ ಟ್ರಾಂಬೋನ್ ಮೇಲೆ. ಅದು ಮೇಲೆದ್ದರೆ ಡ್ರಮ್ಮು, ಕ್ಲಾರಿನೆಟ್ಟು, ಎಲ್ಲವೂ ಹಿಂದುಮುಂದು ನೋಡದೆ ಶುರು. ಆ ವರ್ಷ ಟ್ರಾಂಬೋನ್ ಎದ್ದ ಠೀವಿ ನೋಡಿ ಕೆಂಪಯ್ಯನೇ ಬೆರಗಾದ. ರಂಗಣ್ಣನಿಗೆ ವಯಸ್ಸು ಹಿಂದಕ್ಕೆ ಹೋಗ್ತಿದೆ ಎಂದು ಹೊಗಳಿದ. ಗವಿರಂಗಯ್ಯ ಮೀಸೆಯಡಿ ನಕ್ಕ, ನಿಜ ಹೇಳಲಿಲ್ಲ.

ಒಂದು ದಿನ ಮದುಮಗನ ಮೆರವಣಿಗೆ ಪೇಟೆ ಬೀದಿಯಲ್ಲಿ ಬರುವಾಗ ಟ್ರಾಫಿಕ್ ಪೊಲೀಸಿನವನು ಲಾರಿ ನಿಲ್ಲಿಸಲು ಕೈಯೆತ್ತಿದ. ನಡುರಸ್ತೆಯಲ್ಲಿ ಗಟ್ಟಿಮೇಳ ಮೊಳಗಿತು. ಹೆಣ್ಣಿನ ಮುಖ ಕಾಣುವ ಮೊದಲೇ ಅಕ್ಷತೆ ಬಿದ್ದ ಮದುಮಗ ಕಂಗಾಲಾಗಿ ಕಾರಿನ ಬಾಗಿಲು ತೆಗೆದು ಓಡಲು ನೋಡಿದನಂತೆ. ಯಂತ್ರದ ಕಣ್ಣನ್ನು ತೆಗೆದುಹಾಕು ಎಂದು ಸಾವಂತ್ರಮ್ಮ ತಮ್ಮನಿಗೆ ಗದರಿದಳು. ಅಷ್ಟು ಸಣ್ಣ ತಪ್ಪಿಗೆ ಅಷ್ಟು ಒಳ್ಳೆಯ ಕಣ್ಣು ಕೀಳುವುದೇ ಎಂದು ಅವನು ಮುಖ ಊದಿಸಿಕೊಂಡ. ಗವಿರಂಗಯ್ಯನೂ ಅವನ ಪರವೇ ನಿಂತ. ಹೊಗಳಿಕೆಯ ರುಚಿ ಹತ್ತಿಬಿಟ್ಟಿತ್ತು.

ಆಗಲೇ ಲಾಜರ್ ಮೇಷ್ಟ್ರು ತೀರಿಕೊಂಡರು. ಆ ಬ್ಯಾಂಡ್ ಕಟ್ಟಿದವರೇ ಅವರು. ದನ ಕಾಯುತ್ತಿದ್ದ ಗವಿರಂಗಯ್ಯನ ಕೈಗೆ ಟ್ರಾಂಬೋನ್ ಕೊಟ್ಟು ಮನುಷ್ಯನನ್ನಾಗಿ ಮಾಡಿದವರು. ತಾವೇ ಕಟ್ಟಿದ ಒಂದು ನಿಧಾನದ ರಾಗವಿತ್ತು. ತಮ್ಮನ್ನು ಮಣ್ಣಿಗಿಡುವ ಮುಂಚೆ ಅದನ್ನು ರಂಗ ಒಬ್ಬನೇ ಊದಬೇಕು, ಒಂದು ಸ್ವರವೂ ನಡುಗಬಾರದು ಎಂದು ಹೆಂಡತಿ ಮದಲೇನಮ್ಮನಿಗೆ ಹೇಳಿಹೋಗಿದ್ದರು. ಗವಿರಂಗಯ್ಯ ಆ ಮಾತು ಕೇಳಿ ಅತ್ತ. ಅತ್ತು, ಕಣ್ಣೊರೆಸಿಕೊಂಡು, ಚರ್ಮದ ಪಟ್ಟಿಯನ್ನು ಕೈಗೆ ತೆಗೆದುಕೊಂಡು, ಮತ್ತೆ ಪೆಟ್ಟಿಗೆಗೆ ಹಾಕಿದ. ಊರಿಗೆ ಊರೇ ಸೇರುವ ಜಾಗ. ಕೋಟಿನೊಳಗೆ ಬೋರಲಿಂಗನ ಆಸರೆಯನ್ನೇ ಬಿಗಿದುಕೊಂಡು ಹೊರಟ.

ಗೋರಿಯ ಪಕ್ಕ ಶವಪೆಟ್ಟಿಗೆ ಇಟ್ಟಿದ್ದರು. ಸೂಜಿ ಬಿದ್ದರೂ ಕೇಳಬೇಕು, ಅಷ್ಟು ಮೌನ. ಫಾದರ್ ಪ್ರಾರ್ಥನೆ ಮುಗಿಸಿ ಆಶೀರ್ವದಿಸಲು ಬಲಗೈ ಎತ್ತಿದರು.

ಗವಿರಂಗಯ್ಯ ಎಡಗೈಯನ್ನು ಬಲಗೈಯಿಂದ ಒತ್ತಿ ಹಿಡಿಯಲು ನೋಡಿದ. ತಡೆಯುವಷ್ಟರಲ್ಲಿ ಟ್ರಾಂಬೋನ್ ಆಕಾಶಕ್ಕೆ ಏರಿತ್ತು. ಅವನು ಊದಲಿಲ್ಲ, ತುಟಿ ಕಚ್ಚಿ ಹಿಡಿದ. ಆದರೆ ಹಿಂದೆ ನಿಂತಿದ್ದವರಿಗೆ ಟ್ರಾಂಬೋನ್ ಎದ್ದರೆ ಮುಗಿಯಿತು. ಡ್ರಮ್ಮು ಸಿಡಿಯಿತು, ಕ್ಲಾರಿನೆಟ್ಟು ಕುಣಿಯಿತು, ತಾಳ ಝಣಗುಟ್ಟಿತು. ಲಾಜರ್ ಮೇಷ್ಟ್ರ ಶವಪೆಟ್ಟಿಗೆಯ ಮುಂದೆ ಗಟ್ಟಿಮೇಳ!

ನಿಲ್ಸಿ, ನಿಲ್ಸಿ ಎಂದು ನೆಂಟರು ಕೈಯೆತ್ತಿ ಬೀಸಿದರು. ಅದನ್ನು ಕಂಡು ಆಸರೆಗೆ ಇನ್ನಷ್ಟು ಹುರುಪು ಬಂತು. ಕೈಗಳು ಹೆಚ್ಚಿದಷ್ಟೂ ಟ್ರಾಂಬೋನ್ ಏಳುವುದು, ಟ್ರಾಂಬೋನ್ ಎದ್ದಷ್ಟೂ ಬ್ಯಾಂಡು ಜೋರಾಗುವುದು. ಕೊನೆಗೆ ಫಾದರ್ ಎರಡೂ ಕೈ ಎತ್ತಿದರು. ಗವಿರಂಗಯ್ಯ ತುದಿಗಾಲಲ್ಲಿ ನೇತಾಡಿದ.

ನಿಲ್ಲಿಸುವ ಗುಂಡಿ ಕಂಕುಳಲ್ಲಿತ್ತು. ಯಾರಿಗೂ ಕಾಣಬಾರದೆಂದು ಅಲ್ಲಿಡಿಸಿದವನು ಗವಿರಂಗಯ್ಯನೇ. ಕೋಟು ಬಿಚ್ಚದೆ ಅದು ಸಿಗುತ್ತಿರಲಿಲ್ಲ. ಅವನು ಟ್ರಾಂಬೋನನ್ನು ಬಲಗೈಗೆ ಬದಲಿಸಿ ಕೆಂಪಯ್ಯನ ಕಡೆ ನೂಕಿದ. ಕೋಟಿನ ಗುಂಡಿಗಳನ್ನು ಬಿಚ್ಚಿದ. ಪಟ್ಟಿಗಳನ್ನು ಎಳೆದಾಡಿ ಕೋಟು, ಆಸರೆ ಎರಡನ್ನೂ ಒಟ್ಟಿಗೆ ಬಿಚ್ಚಿ ನೆಲಕ್ಕೆ ಹಾಕಿದ. ಬ್ಯಾಂಡು ಒಬ್ಬೊಬ್ಬರಾಗಿ ನಿಂತಿತು. ತೂತು ಬನಿಯನ್ನಿನಲ್ಲಿ ನಿಂತ ಅವನ ಎಡಗೈ ಎಲ್ಲರೆದುರು ಗಡಗಡ ನಡುಗುತ್ತಿತ್ತು. ಮೇಷ್ಟ್ರಿಗೆ ತೋಡಿದ್ದ ಗೋರಿಗೆ ತನ್ನನ್ನೇ ಮೊದಲು ಇಳಿಸಬಾರದೇ ಅನ್ನಿಸಿತು ಗವಿರಂಗಯ್ಯನಿಗೆ. ಕೆಂಪಯ್ಯ ನಗಲಿಲ್ಲ. ತಲೆ ತಗ್ಗಿಸಿದ. ನಕ್ಕಿದ್ದರೇ ವಾಸಿಯಿತ್ತು.

ಮದಲೇನಮ್ಮ ಎದ್ದು ಬಂದರು. ಉಗಿಯುತ್ತಾರೆ ಎಂದುಕೊಂಡು ಅವನು ಕಣ್ಣು ಮುಚ್ಚಿದ.

"ನಮ್ಮ ಮದುವೇಲಿ ಬ್ಯಾಂಡ್ ಇರ್ಲಿಲ್ಲ ರಂಗ," ಅಂದರು ಅವರು. "ಅವತ್ತು ಇವರ ಹುಡುಗರೆಲ್ಲ ಬೇರೆಯವರ ಮದುವೇಲಿ ಬಾರಿಸ್ತಿದ್ರು. ಸಾಯೋವರ್ಗೂ ಇವರನ್ನ ಅದಕ್ಕೆ ಬೈದಿದ್ದೀನಿ. ಇವತ್ತು ಬಾರಿಸಿಬಿಟ್ರಲ್ಲ. ಆ ಕೊರಗು ತೀರ್ತು. ಈಗ ಇವರ ರಾಗ ಊದು."

"ಕೈ ನಡುಗ್ತದೆ ಅಮ್ಮ," ಅಂದ ಗವಿರಂಗಯ್ಯ. ಹೆಂಡತಿಗೂ ಬಾಯಿ ಬಿಟ್ಟು ಹೇಳದ ಮಾತನ್ನು ಅಷ್ಟು ಜನರ ಮುಂದೆ ಹೇಳಿದ್ದ. "ಮುಚ್ಚಿಡೋಕೆ ಹೋಗಿ ಹಿಂಗಾಯ್ತು."

"ಇವರಿಗೆ ಗೊತ್ತಿತ್ತು ಕಣಪ್ಪ. ನಡುಗೋ ಕೈ ಹಿಡ್ಕೊಳ್ಳೋಕೆ ಯಾರನ್ನಾದ್ರೂ ಕರೀತಾನಾ ನೋಡೋಣ ಅಂತಿದ್ರು."

ಗವಿರಂಗಯ್ಯನಿಗೆ ಇದ್ದಬದ್ದ ಮಾನವೂ ಅಲ್ಲೇ ಕರಗಿಹೋಯಿತು. ಅವನು ಯಾರನ್ನು ಕರೆಯಲಿ ಎಂದು ಸುತ್ತ ನೋಡುತ್ತಿರುವಾಗ ಸಾವಂತ್ರಮ್ಮ ಹೆಂಗಸರ ಗುಂಪಿನ ಹಿಂದೆ ಅವಿತಿದ್ದ ತಮ್ಮನನ್ನು ರಟ್ಟೆ ಹಿಡಿದು ಎಳೆದುತಂದಳು. "ನಿನ್ನ ಯಂತ್ರ ಸಾಕು. ನೀನೇ ನಿಂತ್ಕೋ," ಎಂದು ಗಂಡನ ಮುಂದೆ ನಿಲ್ಲಿಸಿದಳು.

ಬೋರಲಿಂಗನ ಹೆಗಲ ಮೇಲೆ ಟ್ರಾಂಬೋನ್ ಊರಿ ಗವಿರಂಗಯ್ಯ ಬನಿಯನ್ನಿನಲ್ಲೇ ಊದಿದ. ಮೇಷ್ಟ್ರ ರಾಗ ನಿಧಾನವಾಗಿ, ನೆಟ್ಟಗೆ ಹೊರಟಿತು. ಒಂದು ಸ್ವರವೂ ನಡುಗಲಿಲ್ಲ. ಕಿವಿಯ ಪಕ್ಕದಲ್ಲೇ ಮೊಳಗುತ್ತಿದ್ದ ಟ್ರಾಂಬೋನಿನಿಂದ ಬೋರಲಿಂಗನ ಕಣ್ಣಲ್ಲಿ ಧಾರಾಕಾರ ನೀರು. ದುಃಖಕ್ಕೋ ನೋವಿಗೋ, ಅಂತೂ ಅಲುಗಾಡಲಿಲ್ಲ.

ಆಮೇಲೆ ಒಬ್ಬೊಬ್ಬರೇ ಬಂದು ಗೋರಿಗೆ ಹಿಡಿಮಣ್ಣು ಹಾಕಿದರು. ಒಂದೊಂದು ಕೈ ಎದ್ದಾಗಲೂ ನೆಲದಲ್ಲಿ ಬಿದ್ದಿದ್ದ ಕೆಂಪು ಕೋಟಿನ ಖಾಲಿ ತೋಳು ತಾನಾಗಿ ಮೇಲೆದ್ದು, ಮೇಷ್ಟ್ರಿಗೆ ಸಲಾಮು ಹೊಡೆದು, ಮತ್ತೆ ಮಲಗುತ್ತಿತ್ತು. ಕೊನೆಯ ಹಿಡಿಮಣ್ಣು ಬೀಳುವವರೆಗೂ ಅದು ನಿಲ್ಲಲಿಲ್ಲ. ಮುಟ್ಟಲು ಯಾರಿಗೂ ಧೈರ್ಯವಾಗಲಿಲ್ಲ.

ಮನೆಗೆ ಹಿಂದಿರುಗುವಾಗ ಕೆಂಪಯ್ಯ ಪಕ್ಕಕ್ಕೆ ಬಂದು, ತನಗೂ ಈಚೆಗೆ ಬೆರಳು ಹಿಡಿದುಕೊಳ್ಳುತ್ತಿದೆ ಎಂದು ಮೆಲ್ಲಗೆ ಹೇಳಿಕೊಂಡ. ಅಷ್ಟೆಲ್ಲ ಆಸರೆ ನೋಡಿದ್ದೀಯಲ್ಲ, ಹಿತವಾದದ್ದು ಯಾವುದು ಎಂದು ಕೇಳಿದ.

"ಬೋರಲಿಂಗನ ಹೆಗಲು," ಅಂದ ಗವಿರಂಗಯ್ಯ, ತಲೆಯೆತ್ತದೆ. "ಆದ್ರೆ ಮದುವೆಗೆ ಕರ್ಕೊಂಡು ಹೋದ್ರೆ ಎರಡು ಪಂಕ್ತಿ ಊಟ ಮಾಡ್ತದೆ. ಅದಕ್ಕೇ ನಾಳೆಯಿಂದ ಚರ್ಮದ ಪಟ್ಟಿ."