ಐದು ಎಣಿಸಿದರೂ ಏಳದವರು

ನಗೋ ಪ್ರಸಂಗ ಹುಡುಕಿಕೊಂಡು ನಾ ಎಂದೂ ಹೋದಾಕಿ ಅಲ್ಲ. ಮುಂಬೈ ಮಗ್ಗಲಿನ ನಮ್ಮ ಡೊಂಬಿವಲಿ ಬಿಲ್ಡಿಂಗಿಗೆ ಲಿಫ್ಟ್ ಇಲ್ಲ, ಆದ್ರೂ ಅವೇ ಮೂರು ಮಾಳಿಗಿ ಹತ್ತಿ ನನ್ನ ಮನಿಗೆ ಬರ್ತಾವ.

ಮಹಾಪೆಯ ಒಂದು ಕಂಪನಿಯೊಳಗ ಹದಿನಾಲ್ಕು ವರ್ಷ ನಾನು ಟೆಲಿಫೋನ್ ಆಪರೇಟರ್. ಒಂದಿನ ಅಲ್ಲಿ ತಾನೇ ಮಾತಾಡೋ ಮಷೀನು ತಂದಿಟ್ರು, ನನ್ನ ಮನಿಗೆ ಕಳಿಸಿದ್ರು. ‘ನಿಮ್ಮ ಧ್ವನಿ ಕೇಳಿದ್ರ ಗಿರಾಕಿಗೆ ನಿದ್ದಿ ಬರ್ತದ’ ಅಂತ ಸಾಹೇಬ್ರು ಮೊದಲಿಂದ ಬೈತಿದ್ರು. ನಿದ್ದಿ ಬರ್ತದಂದ್ರ ಅದನ್ನೇ ಧಂದಾ ಮಾಡೋಣಂತ ಠಾಣೆಯೊಳಗ ಹಿಪ್ನೋಥೆರಪಿ ಕ್ಲಾಸಿಗೆ ಸೇರಿದೆ. ಪ್ರತಿ ರವಿವಾರ.

ನಮ್ಮ ಮನಿಯವರು ಖಡಾಖಂಡಿತ ಹೇಳಿಬಿಟ್ರು: ‘ಪಾಸಾದಿ, ಬಾಲ್ಕನಿ ನಿನ್ನ ಕ್ಲಿನಿಕ್ಕು. ಫೇಲಾದಿ, ಉಲ್ಹಾಸನಗರದಾಗ ನಮ್ಮ ತಂಗಿ ಜೀನ್ಸ್ ಕಾರ್ಖಾನಿಗೆ ನಡಿ.’ ಅವರ ತಂಗಿ ಅಂದ್ರ ನನ್ನ ನಾದಿನಿ. ಹನ್ನೆರಡು ವರ್ಷದಿಂದ ನನಗ ಚಪಾತಿ ಲಟ್ಟಸೋದು ಕಲಿಸ್ಲಿಕ್ಕತ್ತಾಳ. ಆಕಿ ಕೈಕೆಳಗ ಇಡೀ ದಿನ? ಛೇ ಛೇ! ಅದಕ್ಕಿಂತ ಲೋಕಲ್ ರೈಲಿನಾಗ ಬಾಚಣಿಗಿ ಮಾರ್ತೀನಿ.

ಪಾಸಾಗ್ಲಿಕ್ಕೆ ಮೂರು ಮಂದಿಗೆ ಅಭ್ಯಾಸಕ್ಕ ಸಮ್ಮೋಹನ ಮಾಡಬೇಕು. ‘ನಿದ್ದಿ ಬಂತು, ಎಚ್ಚರಾತು’ ಅಂತ ಅವರು ಫಾರ್ಮಿಗೆ ಸೈನ್ ಹಾಕಬೇಕು. ಕಡೀಕ ಪರೀಕ್ಷೆ, ಪರೀಕ್ಷಕರ ಸೈನು.

ಎತ್ತಿದ ಕೈ

ಮೊದಲನೇ ಗಿರಾಕಿ ನಮ್ಮ ಅತ್ತಿಯವರು. ಕುರ್ಚಿ ಮ್ಯಾಲೆ ಕೂಡಿಸಿ, ಪುಸ್ತಕದಾಗ ಬರೆದಾಂಗ, ‘ನಿಮ್ಮ ಬಲಗೈ ಹಗುರಾಗ್ಲಿಕ್ಕತ್ತದ, ತಾನಾಗೇ ಮ್ಯಾಲೆ ಏಳತದ’ ಅಂತ ಮೆಲ್ಲಗ ಹೇಳ್ಕೋತ ಹೋದೆ. ಹತ್ತು ನಿಮಿಷಕ್ಕ ಕೈ ಖರೇನ ಎದ್ದುಬಿಡ್ತು!

ಅಷ್ಟರಾಗ ಎದುರುಮನಿಯಾಕಿ ಹೆಪ್ಪು ಕೇಳ್ಲಿಕ್ಕೆ ಬಂದ್ಲು. ಮುಚ್ಚಿದ ಕಣ್ಣು, ಎತ್ತಿದ ಅಂಗೈ ನೋಡಿದಾಕಿನೇ ಬಾಗಿಲದಾಗೇ ಅಡ್ಡಬಿದ್ಲು. ‘ದೇವಿ ಬಂದಾಳ! ಅವ್ವಾ, ನನ್ನ ಮಗನ ಲಗ್ನ ಯಾವಾಗ?’ ನಾ ಕೈ ಮಾಡಿ ಬ್ಯಾಡ ಬ್ಯಾಡ ಅಂದ್ರೂ ಕೇಳ್ಲಿಲ್ಲ. ಕಾಲು ತಾಸಿನಾಗ ಬಿಲ್ಡಿಂಗಿನ ಐದು ಹೆಣ್ಮಕ್ಕಳು ತೆಂಗಿನಕಾಯಿ ಹಿಡಕೊಂಡು ಹಾಜರ್. ಒಬ್ಬಾಕಿ ಅಂತೂ, ‘ಎರಡನೇ ಮಾಳಿಗಿಗೆ ನೀರು ಎಷ್ಟೊತ್ತಿಗೆ ಬಿಡ್ತಾರ?’ ಅಂತ ಕೇಳಿದ್ಲು. ಅತ್ತಿಯವರು ಕಣ್ಮುಚ್ಚೇ ‘ಐದೂವರಿಗೆ’ ಅಂದ್ರು.

ಎಲ್ಲಾರೂ ಹೋದ ಮ್ಯಾಲೆ ಕೇಳಿದೆ, ‘ಯಾವಾಗ ಎಚ್ಚರಾತ್ರಿ?’

‘ಮೊದಲನೇ ಕಾಯಿ ಬಂದಾಗ’ ಅಂದ್ರು. ‘ಇನ್ನೂ ಬರ್ಲಿಕ್ಕತ್ತಿದ್ವು, ಕೈ ಯಾಕ ಇಳಿಸ್ಲಿ?’

ಫಾರ್ಮಿಗೆ ಮಾತ್ರ ಬ್ಯಾಡ ಅನ್ನದೇ ಸೈನ್ ಹಾಕಿದ್ರು. ನಾ ಓದದೇ ಕೊಟ್ಟೆ. ಮುಂದಿನ ರವಿವಾರ ಕ್ಲಾಸಿನ ಮೇಡಂ ಕನ್ನಡಕ ಏರಿಸಿ ಕೇಳಿದ್ರು: ‘ಈ ಪೇಶಂಟ್ ಎಲ್ಲಮ್ಮ ಯಾರು? ಅಡ್ರೆಸ್ಸಿನಾಗ ಬರೇ ಗುಡ್ಡ ಅಂತ ಬರದಾರಲ್ಲ?’

ನಾಲ್ಕನೇ ಟೇಬಲ್

ಎರಡನೆಯವರು ಕಲ್ಯಾಣದ ಒಂದು ಹೋಟೆಲಿನ ಮ್ಯಾನೇಜರು, ಕುಂದಾಪುರ ಕಡೆಯವರು. ಹಾಸಿಗಿ ಮ್ಯಾಲೆ ಬಿದ್ದರೂ ಕಿವಿಯೊಳಗ ಆರ್ಡರ್ ಕೇಳಸ್ತದ, ನಿದ್ದಿ ಇಲ್ಲ ಅಂತ ಅವರೇ ಬಂದ್ರು. ಕಡಲ ದಂಡಿಯವರು, ಕಡಲೇ ತೋರಸೋಣಂತ ಸುರು ಮಾಡಿದೆ.

‘ಒಂದರ ಹಿಂದ ಒಂದು ಅಲಿ ಬರ್ಲಿಕ್ಕತ್ತಾವ್ರಿ...’

‘ಬರ್ಲಿ, ನಾಲ್ಕನೇ ಟೇಬಲ್ ಖಾಲಿ ಉಂಟು’ ಅಂದ್ರು, ಕಣ್ಮುಚ್ಚೇ.

‘ನಿಮ್ಮ ಮನಸ್ಸು ಖಾಲಿ ಆಗ್ಲಿಕ್ಕತ್ತದ...’

‘ಖಾಲಿ ಆದ್ರೆ ಬೇಗ ಒರೆಸು ಮಾರಾಯ!’

ಪೇಶಂಟ್ ಎತ್ತ ಹೊಂಟರೂ ಅತ್ತ ಹೋಗ್ರಿ ಅಂತ ಮೇಡಂ ಹೇಳಿದ್ರು. ‘ಕಡೇ ಗಿರಾಕಿ ಹೋದಾ. ಒಲಿ ಆರಿತು. ಶಟರ್ ಇಳೀತು’ ಅಂದೆ. ಅಷ್ಟೇ! ಗೊರಕಿ ಸುರುವಾತು. ಅರ್ಧ ತಾಸು ಬಿಟ್ಟು ‘ಶಟರ್ ಏರಿತು’ ಅಂದೆ. ಫಕ್ಕನೆ ಎದ್ದು ಕೂತು, ‘ಬನ್ನಿ, ಏನು ಬೇಕು?’ ಅಂದ್ರು.

‘ನಿಮ್ಮ ಸೈನ್ ಬೇಕ್ರಿ.’

‘ಇಲ್ಲಿಗಾ, ಪಾರ್ಸೆಲ್ಲಾ?’

ಹತ್ತು ಮೆಟ್ಟಲು

ಮೂರನೆಯವರು ನಮ್ಮ ಸೊಸೈಟಿ ಸೆಕ್ರೆಟರಿ, ಮರಾಠಿ ಮನುಷ್ಯ. ಇಪ್ಪತ್ತೈದು ವರ್ಷದಿಂದ ದಿನಾ ಬೆಳಿಗ್ಗೆ ಲೋಕಲ್ ಹಿಡದು ಮುಂಬೈ ಫೋರ್ಟ್ ಕಡೆ ಆಫೀಸಿಗೆ ಹೋಗ್ತಾರ. ಅವರಿಗೆ ಪುಸ್ತಕದಾಗಿನ ಮೆಟ್ಟಲಿನ ವಿಧಾನ ಮಾಡಿದೆ. ‘ನಿಮ್ಮ ಎದುರಿಗೆ ಹತ್ತು ಮೆಟ್ಟಲು ಅದಾವ. ಸಾವಕಾಶ ಇಳೀರಿ. ಒಂದು... ಎರಡು...’

ಸಾವಕಾಶ ಎಲ್ಲಿಂದ ಬರಬೇಕು! ಮೂರನೇದಕ್ಕ ಉಸಿರು ಏರಿತು, ನಾಲ್ಕಕ್ಕ ಹಣಿ ಮ್ಯಾಲೆ ಬೆವರು, ಐದಕ್ಕ ಎರಡೂ ಮೊಳಕೈ ಆಡಸ್ಲಿಕ್ಕೆ ಸುರು ಮಾಡಿದ್ರು. ಗಾಬರಿ ಆಗಿ ನಾಡಿ ಹಿಡದೆ. ಕುದುರಿ ಓಡಿದಾಂಗ ಓಡ್ಲಿಕ್ಕತ್ತಿತ್ತು.

‘ಏನಾತ್ರಿ? ಎಲ್ಲಿದ್ದೀರಿ?’

‘ಸ್ಟೇಶನ್ ಬ್ರಿಜ್ಜಿನ ಮ್ಯಾಲೆ! ಪ್ಲಾಟ್‌ಫಾರ್ಮ್ ಬದಲಾತಂತ ಹೇಳ್ಲಿಕ್ಕತ್ತಾರ, ಅಡ್ಡ ನಿಲ್ಲಬ್ಯಾಡ್ರಿ, ಸರೀರಿ!’

ಅವತ್ತು ನನಗ ತಿಳೀತು, ನಮ್ಮ ಕಡೆ ಮಂದಿಗೆ ಮೆಟ್ಟಲು ಇಳಿಸಿದ್ರ ನಿದ್ದಿ ಬರೂದಿಲ್ಲ. ಸೀಟು ಕೊಟ್ರ ಬರ್ತದ. ‘ಗಾಡಿ ಸಿಕ್ತು, ಕಿಡಕಿ ಸೀಟೂ ಸಿಕ್ತು’ ಅಂದೆ. ಸೆಕ್ರೆಟರಿ ಕುತ್ತಿಗಿ ಅಲ್ಲೇ ವಾಲಿತು. ಎಬ್ಬಿಸಿದ ಮ್ಯಾಲೆ ಸೈನ್ ಹಾಕಿ, ‘ದಿನಾ ಹಿಂಗ ಸೀಟು ಸಿಗೋದಿದ್ರ ನಾ ರಿಟೈರೇ ಆಗೂದಿಲ್ಲ’ ಅಂದ್ರು.

ಪರೀಕ್ಷೆ

ಪರೀಕ್ಷೆ ರವಿವಾರ ಊಟ ಆದ ಮ್ಯಾಲೆ, ಠಾಣೆಯ ಅದೇ ಹಾಲಿನಾಗ. ಪರೀಕ್ಷಕರು ಉಡುಪಿ ಕಡೆಯವರು, ಕಲ್ಯಾಣದಾಗ ಮನಿ. ಬ್ಯಾಗು ತೊಡಿ ಮ್ಯಾಲಿಟ್ಟುಕೊಂಡು ವೇದಿಕಿ ಮ್ಯಾಲೆ ಕೂತಿದ್ರು. ಅವರ ಮಗ್ಗಲಕ್ಕ ಪರೀಕ್ಷೆಗಂತ ನನಗ ಕೊಟ್ಟ ಪೇಶಂಟ್, ಡೊಂಬಿವಲಿಯ ಒಬ್ಬ ಗುಮಾಸ್ತ. ಕೆಳಗ ಬೆಂಚಿನ ಮ್ಯಾಲೆ ಇಪ್ಪತ್ತು ಮಂದಿ ಕ್ಲಾಸಿನವರು. ಆ ಗುಮಾಸ್ತನ್ನ ಮಲಗಸಬೇಕು, ಐದು ಎಣಿಸಿ ಎಬ್ಬಸಬೇಕು, ಪರೀಕ್ಷಕರ ಸೈನ್ ತಗೋಬೇಕು.

ಕಣ್ಣೆದುರು ನಾದಿನಿ ಮುಖ ಬಂತು. ಧೈರ್ಯ ಮಾಡಿ ನನ್ನದೇ ವಿಧಾನ ಸುರು ಮಾಡಿದೆ. ‘ಸಂಜಿ ಸ್ಲೋ ಗಾಡಿ. ಮುಂಬೈ ವ್ಹೀಟಿ ಸ್ಟೇಶನ್ನಿನಿಂದ ಹತ್ತೀರಿ, ಕಿಡಕಿ ಸೀಟು, ತಂಪು ಗಾಳಿ... ಬೈಕುಳಾ ಹೋತು... ದಾದರ್ ಹೋತು... ಕುರ್ಲಾ...’

ಘಾಟ್ಕೋಪರ್ ಬರೂದ್ರಾಗ ಗುಮಾಸ್ತಗ ನಿದ್ದಿ ಹತ್ತಿತು. ಭಲೇ ಅನಕೊಂಡು ‘ಒಂದು, ಎರಡು, ಮೂರು, ನಾಲ್ಕು, ಐದು, ಕಣ್ಣು ತೆರೀರಿ’ ಅಂದೆ. ತೆರೀಲಿಲ್ಲ. ಮತ್ತ ಎಣಿಸಿದೆ. ಊಹೂಂ. ಸಹಾಯಕ್ಕಂತ ಬೆಂಚಿನ ಕಡೆ ನೋಡ್ತೀನಿ, ಇಪ್ಪತ್ತೂ ಮಂದಿ ಒಬ್ಬರ ಹೆಗಲ ಮ್ಯಾಲೆ ಒಬ್ಬರು ವಾಲ್ಯಾರ! ಪರೀಕ್ಷಕರ ಗದ್ದ ಬ್ಯಾಗಿನ ಮ್ಯಾಲಿತ್ತು.

ಅಯ್ಯೋ ದೇವ್ರೇ! ಆಮ್ಯಾಲೆ ಹೊಳೀತು. ಲೋಕಲ್ಲಿನಾಗ ಮಲಗಿದವರು ಎಣಿಸಿದ್ರ ಏಳೂದಿಲ್ಲ, ತಮ್ಮ ಸ್ಟೇಶನ್ ಬಂದ್ರ ಮಾತ್ರ ಏಳ್ತಾರ. ಗಂಟಲು ಸರಿ ಮಾಡಿಕೊಂಡು, ಗಾಡಿಯಾಗ ಮುಂದಿನ ಸ್ಟೇಶನ್ ಹೇಳೂ ಹಂಗ ಮರಾಠಿಯೊಳಗ ಕೂಗಿದೆ: ‘ಪುಢೀಲ್ ಸ್ಟೇಶನ್, ಕಳವಾ!’

ಒಬ್ಬಾಕಿ ಎದ್ದು ವ್ಯಾನಿಟಿ ಬ್ಯಾಗ್ ಏರಿಸಿಕೊಂಡು ಅರೆಗಣ್ಣಿನಾಗೇ ಬಾಗಿಲ ದಾಟಿ ಹೋದ್ಲು. ದಿವಾ ಸ್ಟೇಶನ್ನಿಗೆ ಇಬ್ಬರು ಹೋದ್ರು. ಡೊಂಬಿವಲಿ ಅಂದೆ ನೋಡ್ರಿ, ಗುಮಾಸ್ತ, ಬೆಂಚಿನ ಮ್ಯಾಲೆ ಉಳಿದ ಹದಿನೇಳು ಮಂದಿ ಎಲ್ಲಾ ಒಮ್ಮೆಲೇ ಎದ್ದು, ಬ್ಯಾಗು ಎದಿಗೆ ಅವಚಿಕೊಂಡು, ಒಬ್ಬರನ್ನೊಬ್ಬರು ನೂಕಿಕೊಂಡು ಬಾಗಿಲದಿಂದ ಹೊರಗ ಬಿದ್ರು. ‘ಆಧಿ ಉತರೂ ದ್ಯಾ, ಮೊದಲು ಇಳೀಲಿಕ್ಕೆ ಬಿಡ್ರಿ!’ ಅಂತ ಮೆಟ್ಟಲ ಮ್ಯಾಲೆ ಜಗಳ ಬ್ಯಾರೆ.

ಉಳಿದವರು ನಾನು, ಪರೀಕ್ಷಕರು. ಕಲ್ಯಾಣ ಅಂದ್ರ ಇವರೂ ಸೈನ್ ಹಾಕದೇ ಇಳಿದು ಹೋಗ್ತಾರ. ನಡುವಿನ ಠಾಕುರ್ಲಿ ಸ್ಟೇಶನ್ ದಾಟಿಸಿ ಗಾಡಿ ನಿಲ್ಲಿಸಿಬಿಟ್ಟೆ. ಕಲ್ಯಾಣದ ಹೊರಗ ಹೆಂಗೂ ದಿನಾ ನಿಲ್ತದಲ್ಲ! ಫಾರ್ಮು, ಪೆನ್ನು ಅವರ ಕೈಯಾಗಿಟ್ಟು ಹೇಳಿದೆ: ‘ಸರ್, ಗಾಡಿ ಸಿಗ್ನಲ್ಲಿಗೆ ನಿಂತದ. ಅಷ್ಟರಾಗ ಒಂದು ಸೈನ್ ಮಾಡ್ರಿ.’

‘ನಿಂತಿದೆಯಾ?’ ಅಂದ್ರು, ಕಣ್ಮುಚ್ಚೇ. ‘ಇದು ಇನ್ನು ಹೊರಡುವುದಿಲ್ಲ. ಇಳಿದು ನಡೆಯುವಾ.’

ವೇದಿಕಿಯಿಂದ ಧಪ್ಪಂತ ಕೆಳಗ ಹಾರಿ, ಹಳಿ ನಡು ನಡದಾಂಗ ಉದ್ದುದ್ದ ಹೆಜ್ಜಿ ಹಾಕಿಕೋತ ಹೊಂಟೇಬಿಟ್ರು! ಕೈಯಾಗ ನನ್ನ ಫಾರ್ಮು, ನನ್ನ ಪೆನ್ನು. ನಾ ಸೀರಿ ನಿರಿಗಿ ಹಿಡಕೊಂಡು ಬೆನ್ನು ಹತ್ತಿದೆ. ಎರಡು ಮಾಳಿಗಿ ಇಳಿದು ರಸ್ತೆಕ್ಕ ಬಂದ ಮ್ಯಾಲೆ ಒಂದು ರಿಕ್ಷಾ ಜೋರಾಗಿ ಹಾರ್ನ್ ಹೊಡೀತು. ಅವರು ಗಕ್ಕನೆ ನಿಂತು ಅರೆಗಣ್ಣು ತೆರೆದ್ರು. ಆ ಕಡೆ ನೋಡಿದ್ರು, ಈ ಕಡೆ ನೋಡಿದ್ರು, ನನ್ನ ಹತ್ರ ಬಂದು ಧ್ವನಿ ತಗ್ಗಿಸಿದ್ರು.

‘ನಾನು ಹಳಿ ದಾಟಿದ್ದು ಪೊಲೀಸರು ಯಾರೂ ನೋಡ್ಲಿಲ್ಲ ಅಲ್ವಾ ಮಾರಾಯ್ರೆ?’

‘ನಾ ಒಬ್ಬಾಕಿನೇ ನೋಡೀನಿ ಸರ್’ ಅಂದೆ. ‘ನೀವು ಸೈನ್ ಹಾಕಿದ್ರ ನಾನೂ ನೋಡಿಲ್ಲ.’